ಲಗ್ನಪತ್ರಿಕೆಯ ಮೇಲಿನ ಅಣ್ಣ

ಮಗನ ಲಗ್ನಪತ್ರಿಕೆಯ ಮೇಲೆ ಯಾರ ಚಿತ್ರ ಹಾಕಿಸಬೇಕೆಂಬ ಪ್ರಶ್ನೆ ಲಿಂಗರಾಜಪುರದ ಮುನಿರಾಜುವಿನ ಮನೆಯಲ್ಲಿ ಏಳಲೇ ಇಲ್ಲ. ಎಡಕ್ಕೆ ಮನೆದೇವರು ಮುನೇಶ್ವರ, ಬಲಕ್ಕೆ ಚಿತ್ರನಟ ಪೃಥ್ವೀಧರ್ ಮತ್ತು ಅವರ ಹೆಂಡತಿ ಸುಚೇತಾ. ದೇವರು ಅಂಚೆಚೀಟಿಯಷ್ಟಿದ್ದ, ನಟ ದಂಪತಿ ಅಂಗೈಯಗಲ ಇದ್ದರು. ಕೆಳಗೆ 'ಅಣ್ಣ-ಅತ್ತಿಗೆಯ ಆಶೀರ್ವಾದಗಳೊಂದಿಗೆ' ಎಂದು ಬಂಗಾರದ ಬಣ್ಣದ ಅಕ್ಷರ. ಮುನಿರಾಜು ಹಲಸೂರು ಆಟೋ ಸ್ಟ್ಯಾಂಡಿನ ಪೃಥ್ವೀಧರ್ ಅಭಿಮಾನಿ ಸಂಘದ ಅಧ್ಯಕ್ಷ. ಅಂಥವನು ಇನ್ನೇನು ತಾನೇ ಹಾಕಿಸಿಯಾನು?

ಅರ್ಧ ಪತ್ರಿಕೆ ಹಂಚಿ ಮುಗಿಯುವ ಹೊತ್ತಿಗೆ ಸುದ್ದಿ ಒಡೆಯಿತು. ಅಣ್ಣನಿಗೆ ಇನ್ನೊಬ್ಬಳ ಜೊತೆ ಸಂಬಂಧವಿದೆಯಂತೆ, ಬಹಳ ದಿನಗಳಿಂದ ಇದೆಯಂತೆ. ಆ 'ಅಂತೆ'ಗೂ ಆಯಸ್ಸು ಒಂದೇ ದಿನ. ಸುಚೇತಾ ಮಗಳ ಕೈ ಹಿಡಿದು ತವರಿಗೆ ಹೋದರು. ಪೃಥ್ವೀಧರ್ ಟಿ.ವಿ. ಮುಂದೆ ಬಂದು, ಹೌದು, ಇದು ನನ್ನ ವೈಯಕ್ತಿಕ ವಿಷಯ ಎಂದು ಹೇಳಿ ಎದ್ದುಹೋದರು.

ಮುನಿರಾಜುವಿನ ಹೆಂಡತಿ ಭಾಗ್ಯಲಕ್ಷ್ಮಿ ಹೋಳಿಗೆ ಮಾಡಿ ಅಂಗಡಿಗಳಿಗೆ ಕೊಡುವವಳು. ಸಿನಿಮಾ ಹುಚ್ಚು ಅವಳಿಗೆ ಎಂದೂ ಇರಲಿಲ್ಲ. ಆದರೂ ಆ ಸಂಜೆ ಹೆಂಚಿನ ಮೇಲಿನ ಹೋಳಿಗೆ ಸೀದು ಕರಕಲಾಗುವವರೆಗೂ ಟಿ.ವಿ. ಎದುರು ನಿಂತೇ ಇದ್ದಳು. ಒಡಹುಟ್ಟಿದ ಅಣ್ಣನೇ ಹೀಗೆ ಮಾಡಿಕೊಂಡ ಹಾಗೆ ಅವಳಿಗೆ ಅನಿಸಿತು.

ಅದಕ್ಕೆ ಕಾರಣವಿತ್ತು. ಮಗ ಸೂರ್ಯ ಹೈಸ್ಕೂಲಿನಲ್ಲಿದ್ದಾಗ ಅವಳಿಗೆ ಗರ್ಭಕೋಶದ ಆಪರೇಷನ್ ಆಗಿ ರಕ್ತ ನಿಲ್ಲದೆ ಹೋಗಿತ್ತು. ಅವಳದು ಸುಲಭಕ್ಕೆ ಸಿಗದ ಗುಂಪಿನ ರಕ್ತ. ಆ ವರ್ಷವಷ್ಟೇ ಪೃಥ್ವೀಧರ್ ಅಭಿಮಾನಿಗಳ ಮುಂದೆ ಕೈಮುಗಿದು, ನನ್ನ ಹುಟ್ಟುಹಬ್ಬಕ್ಕೆ ಕಟೌಟಿಗೆ ಹಾಲು ಸುರಿಯಬೇಡಿ, ರಕ್ತ ಕೊಡಿ ಎಂದಿದ್ದರು. ಸಂಘದವರೆಲ್ಲ ಸಾಲಾಗಿ ಮಲಗಿ ರಕ್ತ ಕೊಟ್ಟು, ತಮ್ಮದು ಯಾವ ಗುಂಪೆಂದು ಜನ್ಮದಲ್ಲಿ ಮೊದಲ ಸಲ ತಿಳಿದುಕೊಂಡಿದ್ದರು. ಹಾಗಾಗಿ ಮುನಿರಾಜು ಅಳುತ್ತ ಫೋನ್ ಮಾಡಿದಾಗ, ಶಿವಾಜಿನಗರದಲ್ಲಿ ಸ್ಕೂಟರ್ ಸೀಟು ಹೊಲಿಯುತ್ತಿದ್ದ ಸಂಘದ ಸದಸ್ಯ ಖಾದರ್ ಕೈಲಿದ್ದ ಸೂಜಿ ಬಿಸಾಕಿ ಓಡಿ ಬಂದ. ಅವನ ರಕ್ತ ಹೊಂದಿತು. ಭಾಗ್ಯಲಕ್ಷ್ಮಿ ಬದುಕಿದಳು. ಅಂದಿನಿಂದ ಪ್ರತಿ ಹುಟ್ಟುಹಬ್ಬದ ರಕ್ತದಾನಕ್ಕೆ ದೀಪ ಹಚ್ಚುವವಳು ಅವಳೇ.

ಪತ್ರಿಕೆಯ ಸಮಸ್ಯೆಗೆ ಮುನಿರಾಜು ಮಾರನೆಯ ದಿನವೇ ಪರಿಹಾರ ತಂದ. ಒಂದು ಚೀಲದ ತುಂಬ ಗಣಪತಿ ಸ್ಟಿಕ್ಕರ್. ಗಂಡ ಹೆಂಡತಿ ಚಾಪೆ ಹಾಸಿಕೊಂಡು, ಉಳಿದ ಪತ್ರಿಕೆಗಳಲ್ಲಿ ಅಣ್ಣನ ಮುಖದ ಮೇಲೆ ಒಂದೊಂದು ಗಣಪತಿ ಅಂಟಿಸುತ್ತ ಕುಳಿತರು. ಗಣಪತಿ ಸರಿಯಾಗಿ ಕೂತ. ಆದರೆ ಪಕ್ಕದಲ್ಲಿ ಸುಚೇತಾ ಹಾಗೇ ಉಳಿದರು. ಗಣಪತಿಯ ಭುಜಕ್ಕೆ ಒರಗಿಕೊಂಡು ನಗುತ್ತಿದ್ದರು.

"ಬ್ರಹ್ಮಚಾರಿ ಗಣಪಂಗೆ ನಮ್ಮನೆ ಪತ್ರಿಕೇಲಿ ಸಂಸಾರ ಕಟ್ಬಿಟ್ರಲ್ರೀ," ಎಂದಳು ಭಾಗ್ಯಲಕ್ಷ್ಮಿ.

"ಅತ್ತಿಗೆ ಮೇಲೂ ಒಂದು ಅಂಟಿಸು ಹಂಗಾದ್ರೆ."

"ಆಯಮ್ಮ ಏನ್ ಮಾಡಿದ್ದಾಳೆ ಅಂತ ಮುಖ ಮುಚ್ಚಬೇಕು?"

ಮುನಿರಾಜು ಮತ್ತೊಂದು ಸ್ಟಿಕ್ಕರಿನ ಹಿಂದಿನ ಕಾಗದ ಬಿಡಿಸತೊಡಗಿದ. ಅಷ್ಟರಲ್ಲಿ ಸೂರ್ಯ ಇಂದಿರಾನಗರದ ಕನ್ನಡಕದ ಅಂಗಡಿಯಿಂದ ಕೆಲಸ ಮುಗಿಸಿ ಬಂದ. ಚಪ್ಪಲಿ ಕೂಡ ಬಿಡದೆ ಹೊಸ್ತಿಲಲ್ಲೇ ನಿಂತುಬಿಟ್ಟ.

"ಧನು ಮದ್ವೆ ಬೇಡ ಅಂತಿದ್ದಾಳೆ."

"ಅಯ್ಯೋ, ಫೋಟೋಗೆ ಸ್ಟಿಕ್ಕರ್ ಹಾಕ್ತಿದೀವಿ ಅಂತ ಹೇಳ್ಬಾರ್ದೇನೋ!" ಎಂದ ಅಪ್ಪ.

"ಹೇಳ್ದೆ. ಮೊದ್ಲು ನಕ್ಳು. ಆಮೇಲೆ ಅಳೋಕೆ ಶುರು ಮಾಡಿದ್ಳು." ಅಷ್ಟು ಹೇಳಿ ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮಾರನೆಯ ಸಂಜೆ ಭಾಗ್ಯಲಕ್ಷ್ಮಿ ಒಂದು ಡಬ್ಬಿ ಹೋಳಿಗೆ ಕಟ್ಟಿಕೊಂಡು ಗರುಡಾಚಾರ್‌ಪಾಳ್ಯಕ್ಕೆ ಹೋದಳು. ಸೂರ್ಯ ಮದುವೆಯಾಗಬೇಕಿದ್ದ ಧನುಶ್ರೀ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿದ್ದಳು. ಹುಡುಗಿಯರು ಗುಂಪಾಗಿ ಗೇಟು ದಾಟಿ ಬರುವಾಗ ಭಾವೀ ಸೊಸೆ ಇವಳನ್ನು ನೋಡಿದಳು. ನೋಡಿಯೂ ತಿರುಗಿ ಹೋಗಲಿಲ್ಲ. ಅಷ್ಟಕ್ಕೇ ಭಾಗ್ಯಲಕ್ಷ್ಮಿಯ ಜೀವ ಹಗುರವಾಯಿತು. ಇಬ್ಬರೂ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತರು.

"ಕಾರ್ಡಲ್ಲಿ ಯಾರ ಫೋಟೋ ಆದ್ರೂ ಇರ್ಲಿ ಆಂಟಿ," ಎಂದಳು ಧನುಶ್ರೀ. "ನಾನು ಸೂರ್ಯನ್ನ ಒಂದೇ ಮಾತು ಕೇಳಿದ್ದು. ಅವರು ಮಾಡಿದ್ದು ತಪ್ಪು ಅನ್ಸುತ್ತಾ ನಿಂಗೆ ಅಂತ. ಅದು ಅಣ್ಣನ ಪರ್ಸನಲ್ಲು, ಕೇಳೋಕೆ ನಾವ್ಯಾರು ಅಂದ."

"ಏನೋ ಬಾಯಿತಪ್ಪಿ ಅಂದಿರ್ತಾನಮ್ಮ."

"ನಮ್ಮಪ್ಪ ಹೊಸಕೋಟೇಲಿ ಇನ್ನೊಂದು ಸಂಸಾರ ಮಾಡ್ಕೊಂಡಾಗ ನಮ್ಮ ಬೀದೀಲಿ ಒಬ್ರೂ ತಪ್ಪು ಅನ್ಲಿಲ್ಲ ಆಂಟಿ. ಎಲ್ರೂ ಅವರವರ ಮನೆ ವಿಷಯ ಅಂದ್ರು. ಅಮ್ಮ ಒಬ್ಳೇ ಅತ್ಕೊಂಡು ನನ್ನ ಸಾಕಿದ್ಳು. ಸೂರ್ಯನ ಬಾಯಲ್ಲೂ ಅದೇ ಮಾತು ಬಂತಲ್ಲ, ನಂಗೆ ಭಯ ಆಗೋಯ್ತು."

ಹುಡುಗ ಒಳ್ಳೆಯವನು, ಕುಡಿತವಿಲ್ಲ, ಸಿನಿಮಾದವರೆಲ್ಲ ಹಾಗೇ, ಅವರನ್ನು ಕಟ್ಟಿಕೊಂಡು ನಮಗೇನು ಎಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಭಾಗ್ಯಲಕ್ಷ್ಮಿ ಟೀ ಜೊತೆ ನುಂಗಿದಳು. ಮಗ ಯಾಕೆ ಹಾಗೆ ಅಂದ ಎಂಬುದು ಅವಳಿಗೆ ಗೊತ್ತಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಯೂನಿಫಾರ್ಮಿನಲ್ಲೇ ನಿಂತು ಅಮ್ಮನಿಗಾಗಿ ಅತ್ತ ಹುಡುಗ ಅವನು. ಅಣ್ಣನನ್ನು ತಪ್ಪು ಎಂದರೆ ಅಮ್ಮನ ಜೀವಕ್ಕೇ ದ್ರೋಹ ಬಗೆದಂತೆ ಎಂದು ತಿಳಿದಿದ್ದಾನೆ ಪೆದ್ದ. ಅದನ್ನೇ ಹೇಳಿದಳು.

"ಅವರ ಉಪಕಾರ ನಾನೂ ಮರೆಯಲ್ಲ. ಅದ್ರಿಂದಲೇ ತಾನೇ ನೀವಿಲ್ಲಿ ಕೂತಿರೋದು," ಎಂದಳು ಧನುಶ್ರೀ. "ಆದ್ರೆ ಉಪಕಾರ ಮಾಡಿದೋರ ತಪ್ಪನ್ನ ತಪ್ಪು ಅನ್ಬಾರ್ದಾ? ನೀವಾದ್ರೂ ಅಂದಿದ್ದೀರಾ ಆಂಟಿ?"

ಇಲ್ಲ. ಟಿ.ವಿ. ಎದುರು ನಿಂತು ಮರುಗಿದ್ದಳು, ಸುಚೇತಾಳಿಗಾಗಿ ಕಣ್ಣೀರು ಹಾಕಿದ್ದಳು, ಆದರೆ ಆ ಒಂದು ಮಾತು ಅವಳ ಬಾಯಿಂದಲೂ ಬಂದಿರಲಿಲ್ಲ. ಅವಳು ಹೋಳಿಗೆ ಡಬ್ಬಿಯನ್ನು ಹುಡುಗಿಯ ಮಡಿಲಿಗಿಟ್ಟು ಎದ್ದಳು.

"ಭಾನುವಾರ ಅಣ್ಣನ ಹುಟ್ಟುಹಬ್ಬದ ರಕ್ತದಾನ ಇದೆ. ಬಾರಮ್ಮ."

"ಜೈಕಾರ ಹಾಕೋಕಾ?"

"ಸುಮ್ನೆ ಬಾ."

ಭಾನುವಾರ ಸ್ಟ್ಯಾಂಡಿನ ಪಕ್ಕದ ಛತ್ರದಲ್ಲಿ ಮಂಚಗಳು ಸಾಲಾಗಿದ್ದವು, ನರ್ಸುಗಳು ಬಂದಿದ್ದರು, ಜನ ಮಾತ್ರ ಕಡಿಮೆ. ಬಂದವರೂ ಮುಳ್ಳುಹಂದಿಯ ಹಾಗೆ ಮೈಯೆಲ್ಲ ಮುಳ್ಳು ಮಾಡಿಕೊಂಡು ನಿಂತಿದ್ದರು. ಅಣ್ಣನ ವಿಷಯ ಯಾರಾದರೂ ಎತ್ತಿದರೆ ಹೊಡೆದಾಟಕ್ಕೇ ಸಿದ್ಧ. ಸೂರ್ಯ ಮೊದಲ ಮಂಚದಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ. ಧನುಶ್ರೀ ಬಂದು ಬಾಗಿಲ ಬಳಿ ನಿಂತದ್ದನ್ನು ಅವನು ನೋಡಿದ. ಎದ್ದು ಓಡುವ ಹಾಗಿರಲಿಲ್ಲ.

ಭಾಗ್ಯಲಕ್ಷ್ಮಿ ದೀಪ ಹಚ್ಚಿದಳು. ಮುನಿರಾಜು ಎಂದಿನಂತೆ ಮೈಕು ಕೊಟ್ಟ. ಪ್ರತಿವರ್ಷ ಅವಳ ಭಾಷಣ ಎರಡೇ ಮಾತು: ಅಣ್ಣನಿಂದ ಬದುಕಿದ್ದೀನಿ, ಅಣ್ಣನಿಗೆ ಜೈ.

"ಅಣ್ಣನಿಂದ ಬದುಕಿದ್ದೀನಿ," ಎಂದಳು. ಎಲ್ಲರೂ ಜೈ ಎನ್ನಲು ಬಾಯಿ ತೆರೆದರು. "ಇದನ್ನ ಸಾಯೋ ತನಕ ಹೇಳ್ತೀನಿ. ಆದ್ರೆ ಅವರು ಸುಚೇತಮ್ಮಂಗೆ ಮಾಡಿದ್ದು ತಪ್ಪು. ಮೋಸ ಅದು. ಇದನ್ನೂ ಹೇಳ್ತೀನಿ."

ತೆರೆದ ಬಾಯಿಗಳು ಹಾಗೇ ನಿಂತವು. ಆಮೇಲೆ ಒಬ್ಬ ಕೂಗಿದ, "ಏನಕ್ಕಾ, ಅಣ್ಣನ ದಿನ ಅಣ್ಣನ್ನೇ ಬೈತೀರಾ?" ಇನ್ನೊಬ್ಬ, "ಅಧ್ಯಕ್ಷರೇ, ಮೈಕ್ ಕಿತ್ಕೊಳ್ರಿ!" ಎಂದ. ಮುನಿರಾಜುವಿನ ಮುಖ ಕೆಂಪೇರಿತು. ಅವನ ಕೈ ಮುಂದೆ ಬಂತು, ನಿಂತಿತು. ಮೂವತ್ತು ವರ್ಷ ಆಟೋ ಓಡಿಸಿದ ಮನುಷ್ಯನಿಗೆ ಈಗ ಯಾವ ಕಡೆ ತಿರುಗಬೇಕೋ ತಿಳಿಯಲಿಲ್ಲ.

ಆಗ ಹಿಂದಿನ ಸಾಲಿನಿಂದ ಖಾದರ್ ಎದ್ದ. ಗಡ್ಡ ಈಗ ನೆರೆತಿತ್ತು, ದನಿ ಮಾತ್ರ ಅದೇ.

"ಬಿಡ್ರೀ, ಮಾತಾಡ್ಲಿ ಭಾಬಿ. ಅವತ್ತು ನಾನು ರಕ್ತ ಕೊಟ್ಟಿದ್ದು ಇವರು ಬದುಕ್ಲಿ ಅಂತ. ಬರೀ ಜೈ ಅನ್ಲಿ ಅಂತ ಅಲ್ಲ."

ಕೂಗಿದವರು ಹಿಂದೆ ಸರಿದರು. ಮುನಿರಾಜು ಮೈಕು ಕಿತ್ತುಕೊಳ್ಳಲು ಚಾಚಿದ ಕೈಯಲ್ಲೇ ಹೆಂಡತಿಗೊಂದು ಕುರ್ಚಿ ಎಳೆದು ಹಾಕಿದ. ಧನುಶ್ರೀ ಬಾಗಿಲು ಬಿಟ್ಟು ನೇರ ಸೂರ್ಯನ ಮಂಚದ ಹತ್ತಿರ ಬಂದಳು.

"ಅಮ್ಮ ಹೇಳಿದ್ದೇ ನನ್ ಮಾತು," ಎಂದ ಅವನು ಗಡಿಬಿಡಿಯಲ್ಲಿ.

"ಅಮ್ಮನ ಮಾತು ಕೇಳಿಸ್ಕೊಂಡೆ. ನಿಂದು ಹೇಳು."

ಸೂರ್ಯ ಅಮ್ಮನ ಕಡೆ ನೋಡಿದ. ಭಾಗ್ಯಲಕ್ಷ್ಮಿ ಬೇಕೆಂದೇ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಳ್ಳತೊಡಗಿದಳು. ಇದೊಂದರಲ್ಲಿ ಅವನಿಗೆ ಅಮ್ಮನ ಆಸರೆ ಇರಬಾರದು.

"ತಪ್ಪು," ಎಂದ ಸೂರ್ಯ. "ಅಣ್ಣ ಮಾಡಿದ್ದು ತಪ್ಪು. ನಾಳೆ ನಾನು ಮಾಡಿದ್ರೂ ತಪ್ಪೇ. ಆಗ ಪರ್ಸನಲ್ಲು ಅಂದ್ರೆ ಇವರೆಲ್ಲರ ಮುಂದೆ ನನ್ ಕಪಾಳಕ್ಕೆ ಬಾರಿಸು."

ಧನುಶ್ರೀ ತನ್ನ ಕೈಚೀಲವನ್ನು ಅವನ ಕಾಲ ಬಳಿ ಇಟ್ಟು, ಪಕ್ಕದ ಖಾಲಿ ಮಂಚದ ಮೇಲೆ ಮಲಗಿ, ತೋಳು ಚಾಚಿದಳು.

ಭಾಗ್ಯಲಕ್ಷ್ಮಿಗೆ ಅಳು ತಡೆಯಲಾಗಲಿಲ್ಲ. ಖಾದರನ ಋಣ, ಕುರ್ಚಿ ಹಾಕಿದ ಗಂಡನ ಋಣ, ಕೇಳಬೇಕಾದ್ದನ್ನು ಬಿಡದೆ ಕೇಳಿದ ಈ ಹುಡುಗಿಯ ಋಣ. ಹಾಲಿನ ಬದಲು ರಕ್ತ ಕೊಡಿ ಎಂದ ಆ ಮನುಷ್ಯನ ಋಣವೂ ಇತ್ತು, ಅದನ್ನು ಅವಳು ಅಲ್ಲಗಳೆಯಲಿಲ್ಲ. ಇಷ್ಟು ಜನರಿಗೆ ಋಣಿಯಾಗಿ ಬದುಕಿರುವುದು ಎಂಥ ಭಾಗ್ಯ ಎಂದು ಅವಳ ಎದೆ ತುಂಬಿತು.

ನರ್ಸು ಧನುಶ್ರೀಯ ತೋಳಿಗೆ ಪಟ್ಟಿ ಬಿಗಿಯುತ್ತ ಕೇಳಿದಳು, "ಮೊದಲ್ನೇ ಸಲಾನಾ? ಆಮೇಲೆ ತಲೆ ಸುತ್ತಿದ್ರೆ ನೋಡ್ಕೊಳ್ಳೋಕೆ ನಿಮ್ಮವರು ಯಾರಾದ್ರೂ ಬಂದಿದಾರಾ?"

"ಇದಾರಲ್ಲ," ಎಂದು ಧನುಶ್ರೀ ಇನ್ನೊಂದು ಕೈಯಿಂದ ಭಾಗ್ಯಲಕ್ಷ್ಮಿಯತ್ತ ತೋರಿಸಿದಳು. "ನಮ್ಮತ್ತೆ."