ಬೇಸಿಗೆಯ ಜೋಗ

ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಕೂಲಿಗಳ ಮೇಲ್ವಿಚಾರಣೆ ನೋಡುವ ಜಾಬರ್ ಆಗಿದ್ದ ಗುಡ್ಡಪ್ಪನಿಗೆ ವರ್ಷಕ್ಕೊಮ್ಮೆ ರಜೆ ಸಿಗುತ್ತಿದ್ದದ್ದು ಸುಡು ಬೇಸಿಗೆಯಲ್ಲಿ. ಆ ರಜೆಯಲ್ಲೇ ಹೆಂಡತಿ ಹಂಪವ್ವನನ್ನು ಎಳಕೊಂಡು ಊರೂರು ಸುತ್ತುವುದು, ಆಮೇಲೆ ವರ್ಷವಿಡೀ ಕಂಡಕಂಡವರ ಮುಂದೆ ಅದನ್ನೇ ಕೊರೆಯುವುದು. ಕೇಳಿ ಕೇಳಿ ಹಂಪವ್ವನ ಕಿವಿ ತೂತು ಬಿದ್ದಿದ್ದವು.

ಆವತ್ತಾದರೂ ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಪುಣ್ಯಾತ್ಮ! ಮಗಳು ಕರಿಯವ್ವನನ್ನು ನೋಡಲು ಹರಿಹರದಿಂದ ಲಿಂಗಣ್ಣ ಹೆಂಡತಿ ಸಮೇತ ಬಂದಿದ್ದ. ಅವನ ಮಗ ಕಾರ್ಖಾನೆಯಲ್ಲಿ ಫಿಟ್ಟರು. ಕುಡಿತ, ಇಸ್ಪೀಟು ಒಂದೂ ಇಲ್ಲ. ಹಿಂದೆ ಎರಡು ಸಂಬಂಧ ಕೈತಪ್ಪಿದ್ದವು. ಇದೂ ತಪ್ಪಿದರೆ ಗತಿಯೇನೆಂದು ಹಂಪವ್ವನಿಗೆ ರಾತ್ರಿಯಿಂದ ಅನ್ನ ಸೇರಿರಲಿಲ್ಲ.

ಮಂಡಕ್ಕಿ, ಮಿರ್ಚಿ ಖಾಲಿಯಾಗುವ ಮೊದಲೇ ಗುಡ್ಡಪ್ಪ ಶುರು ಹಚ್ಚಿಕೊಂಡ. "ಊರಂದ್ರೆ ಮೈಸೂರು ಬಿಡ್ರಿ. ಅದನ್ನ ಬಿಟ್ರೆ ಜೋಗ. ಏನ್ ನೀರು, ಏನ್ ಅಬ್ಬರ! ಪಕ್ಕದಾಗಿದ್ದೋರ ಮಾತೂ ಕೇಳಂಗಿಲ್ಲ."

ಥೂ, ಸುಳ್ಳಿಗೂ ಒಂದು ಮಿತಿ ಬೇಡವೇ ಎಂದುಕೊಂಡಳು ಹಂಪವ್ವ. ಜೋಗದಲ್ಲಿ ಇವರು ಕಂಡದ್ದು ಬೋಳು ಬಂಡೆ, ಅದರ ಮೇಲೆ ಜನಿವಾರದಷ್ಟು ನೀರು. ಮೈಸೂರಿನಲ್ಲಂತೂ ಈ ಮಹಾರಾಯ ಹೊಟ್ಟೆ ಕೆಟ್ಟು ಛತ್ರ ಬಿಟ್ಟು ಕದಲಿರಲಿಲ್ಲ. ಅರಮನೆಯ ವರ್ಣನೆ ಮಾತ್ರ, ತಾನೇ ನಿಂತು ಕಟ್ಟಿಸಿದ ಹಾಗೆ!

"ಜೋಗಕ್ಕೆ ಯಾವಾಗ ಹೋಗಿದ್ರಿ?" ಅಂದ ಲಿಂಗಣ್ಣ.

"ಬಸವ ಜಯಂತಿ ಮುಗಿಸ್ಕೊಂಡು."

"ಬ್ಯಾಸಿಗ್ಯಾಗ ಅಲ್ಲಿ ನೀರೆಲ್ಲಿ ಬರ್ಬೇಕ್ರಿ?"

ಗುಡ್ಡಪ್ಪನ ಮುಖ ಹುಳ್ಳಗಾಯಿತು. ಆ ಸಿಟ್ಟಿಗೆ, "ನಿಮ್ಮ ಹರಿಹರಕ್ಕಿಂತ ವಾಸಿ ಬಿಡ್ರಿ. ಅಲ್ಲೇನೈತೆ? ಬರೀ ಉಸುಕು," ಅಂದುಬಿಟ್ಟ. ಬೀಗರಾಗಬೇಕಾದವರ ಊರನ್ನೇ! ಲಿಂಗಣ್ಣ ಚಾದ ಲೋಟ ಕೆಳಗಿಟ್ಟ.

ಹಂಪವ್ವ ತಡೆಯಲಾರದೆ ನಡುವೆ ಬಾಯಿ ಹಾಕಿದಳು. "ಇವರ ಮಾತು ಮನಸಿಗೆ ಹಚ್ಕೋಬ್ಯಾಡ್ರಿ ಅಣ್ಣಾರೆ. ಜೋಗದಾಗೆ ನಾವು ನೋಡಿದ್ದು ಬಂಡೆ, ಮೈಸೂರಾಗೆ ನಾ ನೋಡಿದ್ದು ಇವರು ಚೆಂಬು ಹಿಡ್ಕೊಂಡು ಓಡೋದು. ಸುತ್ತಿ ಸುತ್ತಿ ನನ್ನ ಕಾಲು ಬಿದ್ದೋದ್ವು ನೋಡ್ರಿ!"

ಲಿಂಗಣ್ಣ ಗಹಗಹಿಸಿ ನಕ್ಕ. ಗಂಡನ ಬಣ್ಣ ಬಯಲಾದ ಹಿಗ್ಗಿಗೆ ಹಂಪವ್ವನೂ ನಕ್ಕಳು.

ಲಿಂಗಣ್ಣನ ಹೆಂಡತಿ ಕರಿಯವ್ವನತ್ತ ತಿರುಗಿದಳು. "ನಿನಗೆ ಯಾವೂರು ಚಲೋ ಅನಿಸ್ತವ್ವ?"

"ನಾ ಎಲ್ಲಿಗೂ ಹೋಗಿಲ್ರಿ," ಅಂದಳು ಕರಿಯವ್ವ ತಲೆ ಎತ್ತದೆ. "ಎಮ್ಮೆ ಹಿಂಡಾಕೆ ಮನ್ಯಾಗೆ ಒಬ್ರು ಬೇಕಲ್ರಿ. ನನ್ನ ಬಿಟ್ಟು ಹೋಗ್ತಿದ್ರು."

ಹಂಪವ್ವನ ನಗು ಅಲ್ಲೇ ಸತ್ತಿತು. ಗಂಡ ಎಳಕೊಂಡು ಹೋದನೆಂದು ಇಷ್ಟು ವರ್ಷ ಗೊಣಗಿದವಳು, ಮಗಳೂ ಬರಲಿ ಎಂದು ಒಂದು ಸಲವಾದರೂ ಹಟ ಹಿಡಿದಿದ್ದಳೇ?

ಲಿಂಗಣ್ಣನ ಹೆಂಡತಿ ಎದ್ದು ಬಂದು, ತಂದಿದ್ದ ಹೂವನ್ನು ಹುಡುಗಿಗೆ ಮುಡಿಸಿದಳು. ಅಲ್ಲಿಗೆ ಸಂಬಂಧ ಗಟ್ಟಿಯಾಯಿತು.

"ನಮ್ಮನ್ಯಾಗೆ ಎಮ್ಮೆ ಇಲ್ಲ, ಬಾರವ್ವ," ಅಂದಳು.