ಮೊದಲ ಹಿಡಿ ಮಣ್ಣು

“ಮಲ್ಲೀ, ಓಡು! ಕಾಲುವಿ ಆಚಿಗಿ ಓಡು!”

ಗಂಡ ಗುರಪ್ಪನ ಹೆಣದ ತಲೆಯ ಬಳಿ ಕುಳಿತಿದ್ದ ಸುಗಲಮ್ಮ ಅಳುವುದನ್ನು ಬಿಟ್ಟು ಹೀಗೆ ಕೂಗಿದಾಗ ಅಂಗಳದಲ್ಲಿದ್ದವರೆಲ್ಲ ಬೆಚ್ಚಿದರು. ಅಜ್ಜನ ಮೈತೊಳೆಯಲು ನೀರು ತರುತ್ತಿದ್ದ ಹನ್ನೊಂದು ವರ್ಷದ ಮೊಮ್ಮಗಳು ಮಲ್ಲಿಕಮ್ಮ ಕೊಡವನ್ನು ಅಲ್ಲೇ ಕುಕ್ಕಿ ನಿಂತಳು. ಸುಗಲಮ್ಮನ ಕಣ್ಣು ನೆಟ್ಟಿದ್ದು ಸುರಪುರದಿಂದ ಆಗತಾನೆ ಬಂದಿಳಿದ ಮಗಳು ಸುಂದ್ರಮ್ಮನ ಕಂಕುಳಲ್ಲಿದ್ದ ಕೂಸಿನ ಮೇಲೆ. ಮೂರು ವರ್ಷದ ಗೊಲ್ಲಾಳಮ್ಮನ ಕಿವಿಯ ಹಿಂದಿನಿಂದ ಕುತ್ತಿಗೆಯವರೆಗೆ ಕೆಂಪು ಗುಳ್ಳೆ ಎದ್ದಿದ್ದವು. ಕಣ್ಣು ಕೆಂಪಾಗಿ ಮೂಗು ಸೋರುತ್ತಿತ್ತು.

“ದಡಾರ! ಏ ಸುಂದ್ರಿ, ನಿನಗ ಕಣ್ಣಿಲ್ಲೇನ?”

“ನಿನ್ನಿ ಬರೇ ಜ್ವರ ಇತ್ತು ಯವ್ವಾ. ಅಪ್ಪ ಹೋದ ಅಂತ ಫೋನ್ ಬಂದ ಮ್ಯಾಲ ಕೂಸಿನ ಮೈ ನೋಡ್ಕೋತ ಕುಂದ್ರಬೇಕಿತ್ತೇನು?” ಎನ್ನುತ್ತ ಸುಂದ್ರಮ್ಮ ಅಪ್ಪನ ಪಾದದ ಮೇಲೆ ಬಿದ್ದಳು.

ಅಲ್ಲಿಗೆ ಇನ್ನೊಂದು ಪೇಚು ಬಂತು. ದಡಾರವೆಂದರೆ ಆ ಊರಿಗೆ ರೋಗವಲ್ಲ, ಅಮ್ಮ. ಅಮ್ಮ ಬಂದ ಕೂಸನ್ನು ಹೆಣ ಮುಟ್ಟಿದವರು ಮುಟ್ಟುವಂತಿಲ್ಲ, ಮತ್ತು ಹೆಣ ಮುಟ್ಟದವರು ಆ ಅಂಗಳದಲ್ಲಿ ಯಾರೂ ಉಳಿದಿರಲಿಲ್ಲ. ಹೆತ್ತವಳೇ ಕೈ ಹಿಂದೆಗೆದ ಮೇಲೆ ಕೂಸು ಬೇವಿನ ಗಿಡದ ಕೆಳಗೆ ಕೌದಿಯ ಮೇಲೆ ಒಂಟಿಯಾಗಿ ಕುಳಿತು ರಂಪ ಮಾಡತೊಡಗಿತು.

ಸತ್ತವನ ತಮ್ಮ ಅಂಬ್ರಪ್ಪ ಮಲ್ಲಿಕಮ್ಮನ ರಟ್ಟೆ ಹಿಡಿದು ಕಾಲುವೆಯ ಕಡೆ ಎಳೆದ.

“ಮೊದಲ ಮಣ್ಣು ನಾನ ಕೊಡಬೇಕು! ಮುತ್ಯಾ ಎಲ್ಲರ ಮುಂದ ಹೇಳ್ಯಾನ!” ಅಜ್ಜನ ಮಾತು ಹಿಡಿದು ಹುಡುಗಿ ಕೊಸರಾಡಿದಳು.

“ನಿನ್ನ ಬದ್ಲಿ ನಾ ಕೊಡ್ತೀನಿ. ಮೊದ್ಲ ನೀ ಬದುಕು ಮಗಳ.”

ಅಂಬ್ರಪ್ಪ ಕೆಟ್ಟವನಲ್ಲ, ಹೆದರಿದವನು. ಹೆಣ ಹೂಳುವ ಕುಣಿಗೆ ಮೊದಲ ಮಣ್ಣು ಕೊಡಬೇಕಾದವನು ಮಗ. ಗುರಪ್ಪನ ಮಗ ಆರು ವರ್ಷದ ಹಿಂದೆಯೇ ಎಚ್‌ಐವಿಯಿಂದ ಹೋಗಿದ್ದ, ಅದೇ ವರ್ಷ ಸೊಸೆಯೂ. ಅವರಿಂದ ಉಳಿದದ್ದು ಮಲ್ಲಿಕಮ್ಮ ಒಬ್ಬಳೇ, ಹುಟ್ಟಿನಿಂದಲೇ ಅದೇ ಸೋಂಕು ಹೊತ್ತವಳು. ಊರಿಗೆಲ್ಲ ಗೊತ್ತಿದ್ದೂ ಯಾರೂ ಹೆಸರು ಹಿಡಿದು ಹೇಳದ ಮಾತು ಅದು. ಇಂಥ ಮೈಗೆ ದಡಾರ ತಗುಲಿದರೆ ಏನಾಗುತ್ತದೆಂದು ಆ ಮನೆಯವರಿಗೆ ಚೆನ್ನಾಗಿ ಗೊತ್ತಿತ್ತು.

*

ಗುರಪ್ಪ ಮೂವತ್ತು ವರ್ಷ ಕಾಲುವೆಯ ಗೇಟು ಏರಿಸಿ ಇಳಿಸಿದವನು. ನಾರಾಯಣಪುರದಿಂದ ನೀರು ಬಿಟ್ಟರೆ ಕೊನೆಯ ಹೊಲಕ್ಕೂ ಮುಟ್ಟಿತೋ ಇಲ್ಲವೋ ಎಂದು ಸೈಕಲ್ ಹತ್ತಿ ಹೋಗಿ ನೋಡಿ ಬರುವ ಹುಚ್ಚ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಮೊಮ್ಮಗಳು ಬದುಕುತ್ತಾಳೆ ಎಂದು ಹಟ ಹಿಡಿದ ಮೇಲೆ ತಿಂಗಳಿಗೊಮ್ಮೆ ಅವಳನ್ನು ಬಸ್ಸಿನಲ್ಲಿ ಯಾದಗಿರಿಗೆ ಕರೆದೊಯ್ದು ಗುಳಿಗೆ ತಂದ. ಒಂದು ದಿನವೂ ತಪ್ಪಿಸಲಿಲ್ಲ. ಗುಳಿಗೆ ಕೆಲಸ ಮಾಡಿತು. ರಕ್ತದಲ್ಲಿನ ಕಾವಲು ಕಣಗಳ ಸಿಡಿ-ಫೋರ್ ಎಣಿಕೆಗೆ ಅವನು ‘ಸಿಡಿಪೋರ’ ಎನ್ನುತ್ತಿದ್ದ. ಅದು ಏರಿದ ದಿನ ಬಸ್ಸಿನಲ್ಲಿ ಅಕ್ಕಪಕ್ಕದವರಿಗೆಲ್ಲ ಶೇಂಗಾ ಹಂಚುತ್ತಿದ್ದ. ಯಾಕೆಂದು ಕೇಳಿದರೆ ಮಾತ್ರ ಹೇಳುತ್ತಿರಲಿಲ್ಲ.

ಅದೇ ಬಸ್ಸಿಗೆ ಶಹಾಪುರದಲ್ಲಿ ಮರಿಲಿಂಗಮ್ಮ ಎಂಬ ಮುದುಕಿ ಮೊಮ್ಮಗನೊಂದಿಗೆ ಹತ್ತುತ್ತಿದ್ದಳು. ಅವನೂ ಮಲ್ಲಿಯ ಹಾಗೆಯೇ ಗುಳಿಗೆಯ ಹುಡುಗ. ಒಂದು ತಿಂಗಳು ಮುದುಕಿ ಒಬ್ಬಳೇ ಬಂದಳು. ದಡಾರ ಬಂದು ಒಂಬತ್ತು ದಿನಕ್ಕೆ ಹುಡುಗ ತೀರಿಹೋಗಿದ್ದ. ಉಳಿದ ಗುಳಿಗೆ ವಾಪಸ್ ಕೊಡಲು ಹೊರಟಿದ್ದಳು.

“ಸಣ್ಣವಿದ್ದಾಗ ಎಲ್ಲಾ ಸೂಜಿ ಹಾಕಿಸೀನಿ ಅಣ್ಣಾ,” ಎಂದು ಲಸಿಕೆಯ ಚೀಟಿ ಬಿಚ್ಚಿ ತೋರಿಸಿದಳು. “ನೋಡು, ಒಂದ ಖಾನಿನೂ ಖಾಲಿ ಇಲ್ಲ.”

ಗುರಪ್ಪ ತನ್ನ ಚೀಲಕ್ಕೆ ಕೈ ಹಾಕಿದ. ಮಲ್ಲಿಯ ಚೀಟಿಯೂ ಹಾಗೆಯೇ ತುಂಬಿತ್ತು. ಚೀಟಿ ತುಂಬಿದರೆ ಮೈಗೂ ಕಾವಲು ಸಿಕ್ಕಿತು ಎಂದು ಅವನೂ ನಿಶ್ಚಿಂತೆಯಿಂದ ಇದ್ದ. ಆ ದಿನ ಆಸ್ಪತ್ರೆಯ ಸಾಲು ಮುರಿದು ಡಾಕ್ಟರಮ್ಮನ ಮೇಜಿನ ಮೇಲೆ ಚೀಟಿ ಕುಕ್ಕಿದ.

“ಮುತ್ಯಾ, ಸೂಜಿ ಹಾಕಿದ್ದು ಖರೇ,” ಎಂದಳು ಡಾಕ್ಟರಮ್ಮ. “ಆದ್ರ ಆವಾಗ ಗುಳಿಗಿ ಸುರು ಆಗಿರ್ಲಿಲ್ಲ. ಈಕಿ ಮೈಯಾಗಿನ ಕಾವಲು ಸೋತು ಮಲಗಿತ್ತು. ಈಗ ಕಾವಲು ವಾಪಸ್ ಎದ್ದದ. ಹಳೀ ಸೂಜಿ ಕಲಿಸಿದ್ದು ಮಾತ್ರ ತಾನಾಗೇ ವಾಪಸ್ ಬರಂಗಿಲ್ಲ.”

ಗುರಪ್ಪ ಗಡ್ಡ ಕೆರೆದುಕೊಂಡ. “ಅಂದ್ರ ಕಾಲುವಿ ಒಡದಾಗ ಬಿಟ್ಟ ನೀರು ಅನ್ರಿ. ಬಿಟ್ಟೀವಿ ಅಂತ ಪುಸ್ತಕದಾಗ ಬರದದ, ಹೊಲಕ್ಕ ಮುಟ್ಟಿಲ್ಲ.”

“ಹೌದ್ ನೋಡ್ರಿ!” ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು.

“ಕಾಲುವಿ ರಿಪೇರಿ ಆಗ್ಯದಲ್ಲ. ಮತ್ತ ಬಿಡ್ರಿ.”

ಮತ್ತೆ ಸೂಜಿ ಬಿದ್ದವು, ಒಂದಾದ ಮೇಲೆ ಒಂದು. ಗುರಪ್ಪ ಅಷ್ಟಕ್ಕೇ ಬಿಡಲಿಲ್ಲ. ಗುಳಿಗೆಗೆ ಬರುವ ಮಕ್ಕಳ ಮನೆಯವರನ್ನೆಲ್ಲ ಬೈದು, ಕಾಡಿ, ಬೇಡಿ ಮತ್ತೆ ಸೂಜಿ ಹಾಕಿಸಲು ಒಪ್ಪಿಸಿದ. ಹೋದ ತಿಂಗಳು, ಸೂಜಿ ಈ ಸಲ ಹತ್ತಿದೆಯೋ ಇಲ್ಲವೋ ನೋಡಲು ಮಕ್ಕಳ ರಕ್ತ ತೆಗೆದು ದೂರದ ಊರಿಗೆ ಕಳಿಸಿದ್ದರು. ಉತ್ತರ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುವ ಕೆಲಸದ ವಹಾಬನಿಗೆ ಗುರಪ್ಪ ದಿನಾ ಫೋನ್ ಮಾಡಿ ಜೀವ ತಿನ್ನುತ್ತಿದ್ದ. ನಿನ್ನೆ ಸಂಜೆಯೂ ಮಾಡಿದ್ದ. ಆಮೇಲೆ ಗೇಟಿನ ಕಟ್ಟೆಯ ಮೇಲೆ ಕುಳಿತವನು ಕುಳಿತಲ್ಲೇ ಕಣ್ಣು ಮುಚ್ಚಿದ.

*

ಹಲಗೆ ಬಡಿಯುತ್ತ ಹೆಣ ಹೊರಟಿತು. ಹಿಂದೆ ಸುಗಲಮ್ಮ, ಸುಂದ್ರಮ್ಮ. ಕೂಸನ್ನು ಕೌದಿಯ ಸಮೇತ ಎತ್ತಿ ಒಂದು ತಳ್ಳುಗಾಡಿಯಲ್ಲಿ ಕೂರಿಸಿ ಎಲ್ಲರಿಗಿಂತ ಹಿಂದೆ ತಳ್ಳಿಕೊಂಡು ಬಂದರು. ಮಧ್ಯೆ ಕಾಲುವೆ ತುಂಬಿ ಹರಿಯುತ್ತಿತ್ತು. ಆಚೆ ದಂಡೆಯ ಮೇಲೆ ಮಲ್ಲಿಕಮ್ಮ ಅವರ ಸರಿಸಮಕ್ಕೆ ಓಡುತ್ತಿದ್ದಳು. ಲಂಗ ಮೊಣಕಾಲಿಗೆ ಏರಿಸಿ, ಎಡವಿ, ಎದ್ದು, ಮತ್ತೆ ಓಡುತ್ತಿದ್ದಳು.

“ಸಣ್ಣ ಮುತ್ಯಾ, ತಡೀ! ಇಳಸಬ್ಯಾಡ್ರಿ!” ಎಂದು ಅಲ್ಲಿಂದಲೇ ಕೂಗಿದಳು.

“ಹೊತ್ತು ಮುಳುಗಾಕತ್ತದ ವೈನಿ,” ಎಂದ ಅಂಬ್ರಪ್ಪ ಸುಗಲಮ್ಮನತ್ತ ತಿರುಗಿ.

“ವಹಾಬಗ ಫೋನ್ ಮಾಡೀನಿ. ಇವತ್ತು ಹೇಳ್ತೀನಿ ಅಂದಾನ. ತಡೀ.”

“ಎಷ್ಟಂತ ತಡೀಲಿ?”

ಹೆಣ ಕುಣಿಗೆ ಇಳಿಯಿತು. ಇನ್ನು ಕಾಯುವುದಕ್ಕೆ ನೆಪ ಇರಲಿಲ್ಲ. ಅಂಬ್ರಪ್ಪ ಬಗ್ಗಿ ಹಿಡಿ ಮಣ್ಣು ತೆಗೆದ. ಆಚೆ ದಂಡೆಯಲ್ಲಿ ಹುಡುಗಿ ಕಿಟಾರನೆ ಕಿರುಚಿದಳು. ಅದೇ ಹೊತ್ತಿಗೆ ಅವಳ ಹಿಂದಿನ ರಸ್ತೆಯಲ್ಲಿ ಧೂಳೆಬ್ಬಿಸುತ್ತ ಒಂದು ಬೈಕು ಬಂತು.

“ವಹಾಬ!” ಎಂದಳು ಸುಗಲಮ್ಮ. “ಅಂಬ್ರಪ್ಪ, ಕೈ ಬಿಚ್ಚಿದಿ ಅಂದ್ರ ನೋಡು!”

ಬೈಕನ್ನು ನಿಲ್ಲಿಸದೆ ಬೀಳಿಸಿಯೇ ವಹಾಬ ಓಡಿದ. ಆದರೆ ಕೂಗಲಿಲ್ಲ. ಇಂಥ ಸುದ್ದಿ ಯಾರದೋ ಅವರಿಗೇ ಮೊದಲು ಹೇಳಬೇಕೆಂಬುದು ಅವನ ಕೆಲಸದ ನೇಮ. ಹುಡುಗಿಯ ಎದುರು ಮೊಣಕಾಲೂರಿ ಕುಳಿತು ಏನೋ ಹೇಳಿದ. ಈಚೆ ದಂಡೆಯಲ್ಲಿ ಐವತ್ತು ಜನ ಕತ್ತು ಚಾಚಿ ನೋಡಿದರು. ಹುಡುಗಿ ಮಿಸುಕಲಿಲ್ಲ. ಆಮೇಲೆ ಎರಡೂ ಕೈ ಮೇಲೆತ್ತಿ ನೆಗೆದಳು.

“ಸೂಜಿ ಹತ್ತೇದಂತ! ಆಯೀ, ಸೂಜಿ ಹತ್ತೇದಂತ! ದಡಾರ ತಡಿಯೋ ತಾಕತ್ತು ನನ್ನ ರಕ್ತದಾಗ ಅದ ಅಂತ!” ಎಂದು ಅಜ್ಜಿಗೆ ಕೂಗಿ ಹೇಳಿದಳು.

ಗಂಡನ ಕುಣಿಯ ದಂಡೆಯ ಮೇಲೆ ನಿಂತು ಸುಗಲಮ್ಮ ಚಪ್ಪಾಳೆ ತಟ್ಟಿದಳು. ಏನೆಂದು ತಿಳಿಯದ ಹಲಗೆಯವನು ಇದೂ ಒಂದು ಪದ್ಧತಿ ಇರಬೇಕೆಂದು ಜೋರಾಗಿ ಬಾರಿಸಿಯೇಬಿಟ್ಟ. ಯಾರೋ ನಕ್ಕರು. ಸುಂದ್ರಮ್ಮ ಅಳುತ್ತಲೇ ನಕ್ಕಳು. ಅಂಬ್ರಪ್ಪ ಮುಷ್ಟಿಯ ಮಣ್ಣನ್ನು ಕುಣಿಯ ಹೊರಗೆ ಚೆಲ್ಲಿ, ಕೈ ಕೊಡವಿ, “ಬಾ ಮಗಳ, ಲಗೂನ ಬಾ!” ಎಂದು ಕಾಲುವೆಯಾಚೆಗೆ ಕೇಳುವಂತೆ ಒದರಿದ. ಅಣ್ಣ ಸತ್ತಾಗಿನಿಂದ ಗಂಟು ಹಾಕಿಕೊಂಡಿದ್ದ ಮುಖ ಈಗ ಸಡಿಲವಾಗಿತ್ತು.

ಗೇಟಿನ ಸೇತುವೆ ದಾಟಿ ಬೈಕು ಈಚೆ ಬಂತು. ಇಳಿಯುತ್ತಲೇ ವಹಾಬ ಗಾಡಿಯಲ್ಲಿ ಅತ್ತತ್ತು ದನಿ ಬಿದ್ದುಹೋಗಿದ್ದ ಕೂಸನ್ನು ನೋಡಿದ.

“ಇದನ್ನ ಯಾರೂ ಎತ್ಕೊಂಡಿಲ್ಲೇನ್ರಿ? ಮಣ್ಣಾದ ಕೂಡ್ಲೆ ಸುರಪುರ ದವಾಖಾನಿಗಿ ಒಯ್ಯೋಣ.”

ಸುಂದ್ರಮ್ಮ ತನ್ನ ಕೈಗಳನ್ನು ಸೆರಗಿನಲ್ಲಿ ಅಡಗಿಸಿಕೊಂಡಳು.

ಮಲ್ಲಿಕಮ್ಮ ಗಾಡಿಯ ಬಳಿ ಹೋದಳು. ಬೆಳಗಿನಿಂದ ಯಾವ ಕೂಸಿನಿಂದ ಅವಳನ್ನು ದೂರ ಇಟ್ಟಿದ್ದರೋ ಅದನ್ನೇ ಎತ್ತಿ ಸೊಂಟಕ್ಕೆ ಏರಿಸಿದಳು. ಗೊಲ್ಲಾಳಮ್ಮ ಬಿಸಿ ಕೆನ್ನೆಯನ್ನು ಅಕ್ಕನ ಕುತ್ತಿಗೆಗೆ ಒತ್ತಿ ಸುಮ್ಮನಾದಳು.

“ಮಲ್ಲೀ, ಅಮ್ಮ ಬಂದ ಕೂಸದು...” ಎಂದು ಯಾರೋ ಎಂದರು. ಅಂಬ್ರಪ್ಪ ಕೈಯೆತ್ತಿ ಅವರನ್ನು ತಡೆದ.

ಎಡಗೈಯಲ್ಲಿ ಕೂಸನ್ನು ಅವುಚಿಕೊಂಡೇ ಮಲ್ಲಿಕಮ್ಮ ಬಗ್ಗಿ ಬಲಗೈ ತುಂಬ ಮಣ್ಣು ತೆಗೆದಳು. ತನಗೂ ಬೇಕೆಂದು ಕೂಸು ಕೈ ಚಾಚಿತು. ಅದರ ಅಂಗೈಗೂ ಒಂದು ಚಿಟಿಕೆ ಇಟ್ಟಳು. ಕುಣಿಯ ಅಂಚಿಗೆ ಬಂದು ಇಬ್ಬರೂ ಒಟ್ಟಿಗೆ ಕೈ ಬಿಚ್ಚಿದರು.