ಗುರುಬಸಮ್ಮನ ಗದ್ದೆಯ ಪೈಪು

ತಲಕಾಡಿನ ಕಡೆ ಒಂದು ಮನೆಯವರ ಯೋಗ್ಯತೆ ತಿಳಿಯಬೇಕಾದರೆ ಜನ ಮೊದಲು ನೋಡುವುದು ಅವರ ಗದ್ದೆಯ ನೀರನ್ನು. ನಾಟಿಯಿಂದ ತೆನೆ ಬಲಿಯುವವರೆಗೂ ನೀರು ನಿಂತಿರಬೇಕು, ಇಲ್ಲದಿದ್ದರೆ ಸೋಮಾರಿಗಳೆಂದೇ ಲೆಕ್ಕ. ಗುರುಬಸಮ್ಮ ಅಂಥ ಮಾತಿಗೆ ಎಂದೂ ಎಡೆಗೊಟ್ಟವರಲ್ಲ. ಈ ಸಲ ಮಾತ್ರ, ಕಾರ್ಖಾನೆಯವರಿಂದ ಹಣವೂ ಬರುತ್ತದೆಂದ ಸ್ತ್ರೀಶಕ್ತಿ ಸಂಘದ ನಯನಳ ಮಾತು ಕೇಳಿ, ನೆಲದೊಳಗಿನ ನೀರಿನ ಮಟ್ಟ ನೋಡಲು ಗದ್ದೆಯಲ್ಲಿ ತೂತಿನ ಪೈಪೊಂದನ್ನು ಹೂಳಿಸಿ, ನೀರು ನಿಲ್ಲಿಸುವುದನ್ನು ಬಿಟ್ಟಿದ್ದರು. ಈಗ ಮಣ್ಣು ಸಣ್ಣಗೆ ಬಿರುಕು ಬಿಟ್ಟಿತ್ತು. ಮನೆಯ ವರ್ಷದ ಅನ್ನವೆಲ್ಲ ಇದೊಂದೇ ಗದ್ದೆಯಲ್ಲಿತ್ತು. ಅವರು ದಿನಕ್ಕೆರಡು ಸಲ ಬದುವಿಗೆ ಬಂದು ನೋಡಿ ಹೋಗುತ್ತಿದ್ದರು.

“ಏನ್ ಗುರುಬಸಕ್ಕ, ಭತ್ತ ಬುಟ್ಟು ರಾಗಿ ಆಕಿದ್ದೀಯಾ?” ಎಂದು ಪಕ್ಕದ ಗದ್ದೆಯ ಶಿವಮಲ್ಲಪ್ಪ ಬದುವಿನ ಮೇಲೆ ನಿಂತು ಕೆಣಕಿದ.

ಅಷ್ಟು ಸಾಕಾಯಿತು. ಗುರುಬಸಮ್ಮ ಗುದ್ದಲಿ ಹಿಡಿದು ಕಾಲುವೆ ನೀರು ತಿರುಗಿಸಲು ಹೊರಟರು. ನಯನ ಓಡೋಡಿ ಬಂದಳು.

“ಒಸಿ ತಡೀರಿ ದೊಡ್ಡವ್ವ.” ಪೈಪಿನೊಳಗೆ ಕಡ್ಡಿ ಇಳಿಬಿಟ್ಟು ತೆಗೆದಳು, ತುದಿ ಒದ್ದೆಯಾಗಿತ್ತು. “ನೋಡಿ, ನೀರು ಮಣ್ಣಿಂದ ನಾಕೇ ಬೆರಳು ಕೆಳ್ಗದೆ. ಎಂಟು ಬೆರಳು ಇಳುದ್ರೆ ಆಗ ಬುಡಿ. ಒಡೆ ಬಂದು ತೆನೆ ಹೊರಡೋವಾಗ ಮಾತ್ರ ನೀರು ನಿಲ್ಲಿಸ್ಲೇಬೇಕು.”

“ಅದ್ಸರಿ ಕಣವ್ವ, ನನ್ ಗದ್ದೆ ಒಣಗುದ್ರೆ ಕಾಸು ಕೊಡಾಕೆ ಆ ಕಾರ್ಖಾನೆಯೋರೇನ್ ನಮ್ ನೆಂಟ್ರಾ?”

“ನಿಂತ್ ನೀರಲ್ಲಿ ಕೂಳೆ ಕೊಳ್ತು ಮೀಥೇನ್ ಅನ್ನೋ ಗ್ಯಾಸ್ ಏಳ್ತದೆ. ಭೂಮಿ ಬಿಸಿಯಾಗೋದು ಅದ್ರಿಂದ್ಲೂವೆ. ಕಾರ್ಖಾನೆಗಳಿಗೂ ಇಷ್ಟೇ ಹೊಗೆ ಬುಡಿ ಅಂತ ಮಿತಿ ಬತ್ತಾ ಅದೆ. ಮೀರ್ದೋರು, ಕಮ್ಮಿ ಮಾಡ್ದೋರತ್ರ ಆ ಉಳಿತಾಯದ ಲೆಕ್ಕನ ಕಾಸು ಕೊಟ್ಟು ಕೊಳ್ತಾರೆ, ಅದ್ಕೇ ಕ್ರೆಡಿಟ್ ಅನ್ನೋದು. ನಮ್ದು ತಪಾಸಣೆ ಆದ್ರೆ ಸಂಘಕ್ಕೂ ಕಾಸು. ಪೈಪು ಹೂಳಿರೋ ಸಂಘದೋರಲ್ಲಿ ಒಬ್ರು ನೀರು ನಿಲ್ಲಿಸುದ್ರೂ ಎಲ್ರ ಲೆಕ್ಕ ಕೆಡ್ತದೆ.”

ಗುರುಬಸಮ್ಮ ಗುದ್ದಲಿ ಕೆಳಗಿಟ್ಟರು, ಅರೆಮನಸ್ಸಿನಿಂದಲೇ.

ಕೊಯ್ಲಿಗೆ ಮುಂಚೆ ಗಾಳಿಮಳೆ ಹೊಡೆಯಿತು. ಶಿವಮಲ್ಲಪ್ಪನ ಭತ್ತ ಮಲಗಿತು. ನೀರು ಹುಡುಕಿ ಬೇರು ಆಳಕ್ಕೆ ಇಳಿದಿದ್ದ ಗುರುಬಸಮ್ಮನ ಪೈರು ಜಗ್ಗಲಿಲ್ಲ. ಕಣದ ತುಂಬ ಭತ್ತ ಬಿತ್ತು. ಉಳಿದ ನೀರು ಕಾಲುವೆಯ ಕೊನೆಯ ಗದ್ದೆಗಳಿಗೂ ಹರಿದಿತ್ತು. ತಪಾಸಣೆಯವರು ಬಂದು ಹೋದ ಮೇಲೆ ಕ್ರೆಡಿಟ್ ಹಣವೂ ಬಂತು. ಹೆಚ್ಚೇನಲ್ಲ, ಆದರೂ ಗುರುಬಸಮ್ಮನ ಸಂತೋಷಕ್ಕೆ ಪಾರವಿರಲಿಲ್ಲ.

ಮರುದಿನ ಶಿವಮಲ್ಲಪ್ಪ ತಲೆ ಕೆರೆದುಕೊಂಡು ಬಂದ. “ಅಕ್ಕ, ಆ ಪೈಪು ನಮ್ಗೂ ಒಂದು...”

“ಯಾಕಪ್ಪ, ನೀನೂ ರಾಗಿ ಆಕ್ಬೇಕಾ?” ಎಂದು ನಕ್ಕ ಗುರುಬಸಮ್ಮ ತಾವೇ ಗುದ್ದಲಿ ಹೆಗಲಿಗೇರಿಸಿ ಅವನ ಗದ್ದೆಗೆ ನಡೆದರು.

ರೈತ ಬಂಧುಗಳೇ, ಭತ್ತಕ್ಕೆ ಬಾಯಾರಿದಾಗ ನೀರು ಕೊಡಿ, ಮುಳುಗಿಸಬೇಡಿ. ಕ್ರೆಡಿಟ್ ಹೆಸರಿನಲ್ಲಿ ಮುಂಗಡ ಕೇಳುವವರನ್ನು ನಂಬಬೇಡಿ, ಒಪ್ಪಂದವನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ. ಈ ಸಲದ ನಾಟಿಗೆ ನಿಮ್ಮ ಗದ್ದೆಯಲ್ಲೂ ಒಂದು ಪೈಪು ನಿಲ್ಲಲಿ.